ಮೀಟರಿನ ಲೆಕ್ಕ ಮೊದಲು ಮನೆಯವರಿಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ವಿದ್ಯುತ್ ಗ್ರಾಹಕರ ಹಕ್ಕೊತ್ತಾಯ ಪತ್ರ

ಇವರಿಗೆ: ವ್ಯವಸ್ಥಾಪಕ ನಿರ್ದೇಶಕರು, ಜೆಸ್ಕಾಂ, ಕಲಬುರಗಿ
ಪ್ರತಿ: ಅಧ್ಯಕ್ಷರು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬೆಂಗಳೂರು

ಮಾನ್ಯರೇ,

ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಇರುವುದು ನಮ್ಮ ರಾಯಚೂರು ಜಿಲ್ಲೆಯಲ್ಲಿ, ಅದರ ಬೂದಿ ಉಳಿಯುವುದೂ ಇಲ್ಲಿಯೇ. 1985ರಿಂದ ರಾಜ್ಯಕ್ಕೆ ಕರೆಂಟ್ ಕೊಡುತ್ತ ಬಂದ ಈ ಜಿಲ್ಲೆಯ ಮನೆಗಳಿಗೆ ತಾವು ಬಳಸಿದ ಕರೆಂಟಿನ ಲೆಕ್ಕ ಮಾತ್ರ ತಿಂಗಳ ಬಿಲ್ ಕೈಗೆ ಬಂದ ಮೇಲಷ್ಟೇ ತಿಳಿಯುತ್ತದೆ. ಪಡಸಾಲೆಯ ಗೋಡೆಯ ಮೇಲಿನ ಮೀಟರ್ ಇದುವರೆಗಿನ ಒಟ್ಟು ಯೂನಿಟ್ ತೋರಿಸುತ್ತದೆ. ಈ ತಿಂಗಳು ಎಷ್ಟಾಯಿತು, ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್‌ಗಳಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅದು ಹೇಳುವುದಿಲ್ಲ.

2023ರ ಜುಲೈಯಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆ ನೋಡಿ ಸರ್ಕಾರ ಮನೆಗೊಂದು ಮಿತಿ ಇಟ್ಟಿದೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 75 ವಾಟಿನ ಹಳೆಯ ಸೀಲಿಂಗ್ ಫ್ಯಾನ್ ದಿನಕ್ಕೆ 20 ಗಂಟೆ ತಿರುಗಿದರೆ ತಿಂಗಳಿಗೆ 45 ಯೂನಿಟ್ ಆಗುತ್ತದೆ. 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 18 ಸಾಕು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಮಲಗಲಾಗದು. ಯಾವ ಫ್ಯಾನ್ ಬದಲಿಸಬೇಕು, ಕೂಲರ್ ಎಷ್ಟು ಹೊತ್ತು ಓಡಿಸಬೇಕು ಎಂದು ಮನೆಯ ಹೆಣ್ಣುಮಗಳು ನಿರ್ಧರಿಸಬೇಕಾದರೆ ಹದಿನೈದನೇ ದಿನವೇ ಲೆಕ್ಕ ಬೇಕು, ಮೂವತ್ತೊಂದನೇ ದಿನ ಅಲ್ಲ.

ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಈ ಲೆಕ್ಕ ಕೊಡಬಲ್ಲದು. ಆದರೆ 2025ರ ಫೆಬ್ರುವರಿ 15ರಿಂದ ಬೆಸ್ಕಾಂ ವ್ಯಾಪ್ತಿಯ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಜನರಿಗೆ ಮೊದಲು ಕಂಡದ್ದು ಬೆಲೆ: ಸಾವಿರ ರೂಪಾಯಿ ಆಸುಪಾಸಿನ ಸಿಂಗಲ್ ಫೇಸ್ ಮೀಟರಿನ ಜಾಗಕ್ಕೆ ತೆರಿಗೆ ಬಿಟ್ಟು 4,998 ರೂಪಾಯಿಯ ಮೀಟರ್. ನಾವು ಸ್ಮಾರ್ಟ್ ಮೀಟರನ್ನು ವಿರೋಧಿಸುತ್ತಿಲ್ಲ. ಖರ್ಚು ನಮಗೆ, ಮಾಹಿತಿ ಕಂಪನಿಗೆ ಎಂಬ ಹಂಚಿಕೆಯನ್ನು ಒಪ್ಪುವುದಿಲ್ಲ. ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2023ರ ಜೂನ್‌ನಲ್ಲಿ ಆದ ತಿದ್ದುಪಡಿಯಂತೆ ಸ್ಮಾರ್ಟ್ ಮೀಟರಿನ ರೀಡಿಂಗನ್ನು ದಿನಕ್ಕೊಮ್ಮೆಯಾದರೂ ತೆಗೆದು, ಅದನ್ನು ಕನ್ನಡದಲ್ಲಿ ಮನೆಯವರಿಗೆ ತಲುಪಿಸಬೇಕು.

2. ಕೀಪ್ಯಾಡ್ ಮೊಬೈಲ್ ಇರುವ ಮನೆಗೆ ಎಸ್‌ಎಂಎಸ್ ಮೂಲಕ, ಮೊಬೈಲೇ ಇಲ್ಲದ ಮನೆಗೆ ಗ್ರಾಮ ಪಂಚಾಯಿತಿಯಲ್ಲಿ ಆರ್.ಆರ್. ನಂಬರ್ ಹೇಳಿದೊಡನೆ ಈ ಲೆಕ್ಕ ಸಿಗಬೇಕು.

3. ಗೃಹಜ್ಯೋತಿ ಮಿತಿಯ ಅರ್ಧ, ಮುಕ್ಕಾಲು ಮುಗಿದಾಗ ಮತ್ತು ಬಳಕೆ 180 ಯೂನಿಟ್ ಮುಟ್ಟಿದಾಗ ಎಚ್ಚರಿಕೆ ಕಳಿಸಬೇಕು. ಕಳಿಸದ ತಿಂಗಳಲ್ಲಿ 200 ದಾಟಿದ ಮನೆಗೆ ಪೂರ್ತಿ ಬಿಲ್ ಹಾಕಬಾರದು.

4. ರೀಡಿಂಗ್ ತಡವಾಗಿ 30 ದಿನ ಮೀರಿದರೆ ಆ ಹೆಚ್ಚುವರಿ ದಿನಗಳ ಯೂನಿಟ್‌ಗಳನ್ನು ಮುಂದಿನ ತಿಂಗಳಿಗೆ ಹಾಕಬೇಕು.

5. ಗುಳೆ ಹೋಗಿ ವರ್ಷದಲ್ಲಿ ತಿಂಗಳುಗಟ್ಟಲೆ ಬೀಗ ಬೀಳುವ ಮನೆಗಳ 2022-23ರ ಸರಾಸರಿ ಸಹಜವಾಗಿಯೇ ಕಡಿಮೆ ಇರುವುದರಿಂದ, ಬೀಗ ಹಾಕಿದ್ದ ತಿಂಗಳುಗಳನ್ನು ಬಿಟ್ಟು ಮಿತಿಯನ್ನು ಮತ್ತೆ ಲೆಕ್ಕ ಹಾಕುವಂತೆ ಕಂಪನಿಯೇ ಸರ್ಕಾರಕ್ಕೆ ಪ್ರಸ್ತಾವ ಕಳಿಸಬೇಕು.

6. ಈಗಿರುವ ಮನೆಗಳ ಮೀಟರ್ ಬದಲಿಸುವುದಾದರೆ ಬೆಲೆಯನ್ನಾಗಲಿ, ಬಾಡಿಗೆಯನ್ನಾಗಲಿ, ಜೋಡಣೆ ಶುಲ್ಕವನ್ನಾಗಲಿ ಗ್ರಾಹಕರಿಂದ ವಸೂಲಿ ಮಾಡಬಾರದು.

7. ಗ್ರಾಹಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮನೆಯನ್ನೂ ಪ್ರೀಪೇಯ್ಡ್‌ಗೆ ಹಾಕಬಾರದು ಮತ್ತು ಒಪ್ಪಿದವರಿಗೆ, 2003ರ ವಿದ್ಯುಚ್ಛಕ್ತಿ ಕಾಯ್ದೆಯ 47(5)ನೇ ಕಲಂನ ಆಶಯದಂತೆ, ಕಟ್ಟಿದ ಠೇವಣಿ ಮರಳಿಸಬೇಕು.

8. ಕಚೇರಿಯಲ್ಲಿ ಕುಳಿತೇ ಕರೆಂಟ್ ಕಡಿಯುವ ಅನುಕೂಲ ಬಂದಿತೆಂದು, ಬಾಕಿದಾರರಿಗೆ ಅದೇ ಕಾಯ್ದೆಯ 56ನೇ ಕಲಂ ಕೊಟ್ಟಿರುವ 15 ದಿನಗಳ ಲಿಖಿತ ನೋಟಿಸನ್ನು ಕೈಬಿಡಬಾರದು.

9. ಹೊಸ ಮೀಟರ್ ಹೆಚ್ಚು ಓಡುತ್ತಿದೆ ಎಂದು ದೂರು ಬಂದರೆ ಗ್ರಾಹಕರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿಯಂತೆ 5 ದಿನಗಳಲ್ಲಿ ಪಕ್ಕದಲ್ಲೊಂದು ಪರೀಕ್ಷಾ ಮೀಟರ್ ಹಾಕಿ, ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು; ಅಲ್ಲಿಯವರೆಗೆ ವಿವಾದದ ಮೊತ್ತಕ್ಕೆ ಒತ್ತಾಯಿಸಬಾರದು.

10. ಮೊಬೈಲ್ ಸಿಗ್ನಲ್ ಸಿಗದ ಊರು, ತಾಂಡಾ, ದೊಡ್ಡಿಗಳಲ್ಲಿ ಸರಾಸರಿ ಬಿಲ್ ಹಾಕದೆ ಮೀಟರ್ ರೀಡರನ್ನೇ ಕಳಿಸಬೇಕು.

11. ಅರ್ಧ ಗಂಟೆಗೊಮ್ಮೆಯ ಬಳಕೆ ನೋಡಿದರೆ ಯಾವ ಮನೆಗೆ ಬೀಗ ಬಿದ್ದಿದೆ ಎಂದು ಯಾರಿಗಾದರೂ ತಿಳಿಯುವುದರಿಂದ, ಆ ಮಾಹಿತಿ ಗುತ್ತಿಗೆ ಸಂಸ್ಥೆಗಳ ಮೂಲಕವಾಗಲಿ ಬೇರೆ ದಾರಿಯಲ್ಲಾಗಲಿ ಹೊರಗೆ ಹೋದರೆ ಕಂಪನಿಯೇ ಹೊಣೆಯೆಂದು ಬರೆದು ಕೊಡಬೇಕು.

12. ಮೀಟರ್ ಓದುವುದನ್ನೂ ಕಡಿಮೆ ಬಳಸುವುದನ್ನೂ ಪ್ರತಿ ಊರಿನಲ್ಲಿ, ಸಿಂಧನೂರಿನ ಪುನರ್ವಸತಿ ಕ್ಯಾಂಪ್‌ಗಳಲ್ಲಿ ಬಂಗಾಳಿಯಲ್ಲಿಯೂ, ತೋರಿಸಿಕೊಡುವ ಕೆಲಸವನ್ನು ಸ್ಮಾರ್ಟ್ ಮೀಟರಿನಿಂದ ಕೆಲಸ ಕಳೆದುಕೊಳ್ಳುವ ಮೀಟರ್ ರೀಡರ್‌ಗಳಿಗೇ ಕೊಡಬೇಕು.

ಈ ಪ್ರತಿಯೊಂದಕ್ಕೂ 30 ದಿನಗಳೊಳಗೆ ಬೇರೆ ಬೇರೆಯಾಗಿ ಲಿಖಿತ ಉತ್ತರ ಕೊಡಿ. ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲನ್ನು ನಾವು ಉತ್ತರವೆಂದು ಸ್ವೀಕರಿಸುವುದಿಲ್ಲ. ಉತ್ತರ ಬಾರದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ದರ ಪರಿಷ್ಕರಣೆಗೆ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೂ ಇದೇ ಪತ್ರ ಹಿಡಿದು ಬರುತ್ತೇವೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಗೃಹ ವಿದ್ಯುತ್ ಗ್ರಾಹಕರು