ಬಿಜಾಪುರದ ಕಿತಾಬು ಮೊಬೈಲಿಗೆ ಬಂತು, ಓದುವವರು ಯಾರು?

ಫತ್‌ಹುಲ್ ಮುಈನ್ ಹೆಸರು ಕೇಳದ ಮನೆ ನಮ್ಮಲ್ಲಿ ಕಡಿಮೆ. ಅದನ್ನು ಬರೆದ ಶೈಖ್ ಝೈನುದ್ದೀನ್ ಮಖ್ದೂಮರೇ ಪೋರ್ಚುಗೀಸರ ದಬ್ಬಾಳಿಕೆಯ ಬಗ್ಗೆ ತುಹ್‌ಫತುಲ್ ಮುಜಾಹಿದೀನ್ ಎಂಬ ಚರಿತ್ರೆಯನ್ನೂ ಬರೆದರು. ಮಲಬಾರಿನ ಆ ಕಿತಾಬನ್ನು ಅವರು ಅರ್ಪಿಸಿದ್ದು ಬಿಜಾಪುರದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹನಿಗೆ. ಇವತ್ತಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯೂ ಆಗ ಆದಿಲ್ ಶಾಹಿಗಳದ್ದೇ. ಕರಾವಳಿಗೂ ಆ ಗಡಿನಾಡಿಗೂ ಕಿತಾಬಿನ ನಂಟು ಅಷ್ಟು ಹಳೆಯದು.

ಆದರೆ ಆ ಸುಲ್ತಾನರ ಕಿತಾಬುಗಳು ಇಲ್ಲಿ ಉಳಿಯಲಿಲ್ಲ. ಬಿಜಾಪುರದ ಅಸರ್ ಮಹಲಿನಲ್ಲಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ಲೈಬ್ರರಿ ಸೇರಿದವು. ಹೆಚ್ಚಿನವು ಅರಬಿ ಕಿತಾಬುಗಳು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ.

ಹಿಂದೆ ಇಂಥದ್ದನ್ನು ನೋಡಲು ವೀಸಾ, ವಿಮಾನ ಬೇಕಿತ್ತು. ಈಗ ಕಾಲ ಬದಲಾಗಿದೆ. 1570ರ ಸುಮಾರಿಗೆ ಬಿಜಾಪುರದಲ್ಲಿ ತಯಾರಾದ ಚಿತ್ರಸಹಿತ ನುಜೂಮುಲ್ ಉಲೂಮ್ ಡಬ್ಲಿನ್ನಿನ ಚೆಸ್ಟರ್ ಬೀಟಿ ಲೈಬ್ರರಿಯಲ್ಲಿದೆ. ಅದನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಬಹುದು. 2014ರಲ್ಲಿ ಶುರುವಾದ ಖತರ್ ಡಿಜಿಟಲ್ ಲೈಬ್ರರಿಯಲ್ಲಿ ಬ್ರಿಟಿಷ್ ಲೈಬ್ರರಿಯ ಅರಬಿ ವಿಜ್ಞಾನ ಹಸ್ತಪ್ರತಿಗಳಿವೆ. ಅದಕ್ಕೂ ದುಡ್ಡು ಕೊಡಬೇಕಿಲ್ಲ.

ಹಾಗಂತ ಎಲ್ಲವೂ ಸಿಕ್ಕಿತು ಅಂತ ಖುಷಿಪಡುವಂತಿಲ್ಲ. ಬಿಜಾಪುರದ ಸಂಗ್ರಹ ಪೂರ್ತಿಯಾಗಿ ಆನ್‌ಲೈನ್‌ಗೆ ಬಂದಿಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾದಾಗ ಅದರ ಹಸ್ತಪ್ರತಿ ಪುಟಗಳು ಬಹಳ ಕಾಲ ಮುಚ್ಚಿಹೋಗಿದ್ದವು. ಬೇರೆಯವರ ಕಂಪ್ಯೂಟರಿನಲ್ಲಿರುವುದು ಯಾವತ್ತೂ ತೆರೆದೇ ಇರುತ್ತದೆ ಎಂದು ನಂಬಿ ಕೂರಲಾಗದು. ಅಗತ್ಯ ಇರುವುದನ್ನು, ಅನುಮತಿ ಇದ್ದಲ್ಲಿ, ಇಳಿಸಿಟ್ಟುಕೊಳ್ಳಬೇಕು.

ಇನ್ನೊಂದು ಮಾತು ಮನೆಗಳಲ್ಲಿರುವ ಕಾಗದಗಳದ್ದು. 2025ರ ಕೇಂದ್ರ ಬಜೆಟ್‌ನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಯೋಜನೆ ಪ್ರಕಟವಾಯಿತು. ಖಾಸಗಿ ಸಂಗ್ರಹಗಳೂ ಅದರಲ್ಲಿ ಸೇರಿವೆ. ಗಡಿನಾಡಿನಲ್ಲಿ ಹಳೆಯ ಕಾಗದ ಅಂದರೆ ಫಾರ್ಸಿ, ಉರ್ದು, ಮೋಡಿ ಮರಾಠಿ, ನಮ್ಮಲ್ಲಾದರೆ ಅರಬಿ-ಮಲಯಾಳಂ. ಓದಲು ಬಾರದ ಕಾಗದ ರದ್ದಿಗೆ ಹೋಗುವುದು ಬೇಗ. ಯಾರಾದರೂ ಕೇಳಿ ಬಂದರೆ ಫೋಟೋ ತೆಗೆಯಲು ಬಿಡಿ, ಒಂದು ಪ್ರತಿ ನೀವೂ ಕೇಳಿ ಪಡೆಯಿರಿ. ಮೂಲವನ್ನು ಮಾತ್ರ ರಶೀದಿಯಿಲ್ಲದೆ ಕೈಬಿಡಬೇಡಿ. ಒಮ್ಮೆ ಹೋದ ಕಿತಾಬು ವಾಪಸು ಬರುವುದಿಲ್ಲ ಎಂಬುದಕ್ಕೆ 1853 ಸಾಕ್ಷಿ.

ಕೊನೆಗೆ ಉಳಿಯುವುದು ಓದುವ ಪ್ರಶ್ನೆ. ಲಂಡನ್ನಿನವರು ಫೋಟೋ ಕೊಡಬಹುದು, ಓದುವ ಮಕ್ಕಳನ್ನು ಕೊಡಲಾರರು. ಅರಬಿ ಅಕ್ಷರ ಬಲ್ಲ ಮಕ್ಕಳು ನಮ್ಮ ಮದ್ರಸಗಳಲ್ಲಿ ತುಂಬಿದ್ದಾರೆ. ದರ್ಸಿನಲ್ಲಿ ವಾರಕ್ಕೊಂದು ಗಂಟೆ ಕೈಬರಹದ ಒಂದು ಪುಟವನ್ನು ಪರದೆ ಮೇಲೆ ಹಾಕಿ ಓದಿಸಿದರೆ ಸಾಕು. ಮಸೀದಿ ಕಮಿಟಿಗಳು ಇದಕ್ಕೊಂದು ಪ್ರೊಜೆಕ್ಟರ್ ಒದಗಿಸುವುದು ದೊಡ್ಡ ಖರ್ಚಲ್ಲ.