ಉಂಟ್ರಿ ಅಕ್ಕೋರ!

ಹುಬ್ಬಳ್ಳಿ ದಾಟಿ ಧಾರವಾಡ, ಬೆಳಗಾವಿ ಕಡೆಗೆ ಕಾರಲ್ಲಿ ಹೋದವರಿಗೆ ಗಬ್ಬೂರ ಅಂದರೆ ಒಂದು ಟೋಲ್ ಗೇಟು. ಫಾಸ್ಟ್ಯಾಗ್ ‘ಟೀಂ’ ಅಂದಿತು, ಊರು ಮುಗಿಯಿತು. ಬಸ್ಸಿನಲ್ಲಿ ಬಂದು ಕ್ರಾಸಿನಲ್ಲಿ ಇಳಿಯುವ ನನ್ನಂಥವರಿಗೆ ಮಾತ್ರ ಗೊತ್ತು, ಲಾರಿ ಹಾರ್ನ್, ಚಹಾದಂಗಡಿ, ಪಂಕ್ಚರ್ ಅಂಗಡಿ, ಬೈಪಾಸ್ ಅಗಲ ಮಾಡುವ ಕೆಲಸದ ಧೂಳು ಎಲ್ಲ ದಾಟಿ ಒಳಗೆ ನಡೆದರೆ ಎರೆಹೊಲ ಸಿಗುತ್ತದೆ, ಮನೆಗಳು ಸಿಗುತ್ತವೆ, ಒಂದು ಸರ್ಕಾರಿ ಶಾಲೆಯೂ ಸಿಗುತ್ತದೆ ಎಂದು. ಇಲ್ಲಿಯ ಬಾಯಲ್ಲಿ ಅದು ‘ಕನ್ನಡ ಸಾಲಿ’. ಅಲ್ಲಿ ನಾನು ನಾಲ್ಕನೇ ತರಗತಿಯ ‘ಅಕ್ಕೋರು’.

ನನ್ನೂರು ಪುತ್ತೂರು ಕಡೆ, ಮನೆಮಾತು ತುಳು. ಬಂದ ಮೊದಲ ವಾರ ಅಟೆಂಡೆನ್ಸ್ ತೆಗೆದುಕೊಂಡು, “ಎಲ್ಲರ ಹತ್ರ ಪುಸ್ತಕ ಉಂಟಾ?” ಅಂತ ಕೇಳಿದೆ. ಒಂದು ಕ್ಷಣ ಪಿನ್ ಡ್ರಾಪ್ ಮೌನ. ಆಮೇಲೆ ಹಿಂದಿನ ಸಾಲಿಂದ ಶುರುವಾದ ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಹೊಯ್ಲು ಆಗಿತ್ತು. ಅಂದಿನಿಂದ ಇವತ್ತಿನವರೆಗೂ ನಾನು ಏನು ಕೇಳಿದರೂ ಕೋರಸ್ಸಿನಲ್ಲಿ ಬರುವ ಉತ್ತರ ಒಂದೇ: “ಉಂಟ್ರಿ ಅಕ್ಕೋರ!” ಕರಾವಳಿಯ ‘ಉಂಟು’ವಿಗೆ ಹುಬ್ಬಳ್ಳಿಯ ‘ರಿ’ ಸೇರಿಸಿ ಈ ಮಕ್ಕಳು ಮಾಡಿದ ಶಬ್ದ ಯಾವ ನಿಘಂಟಿನಲ್ಲೂ ಇಲ್ಲ.

“ಅಕ್ಕೋರ, ನೀವು ಟಿವ್ಯಾಗ ಸುದ್ದಿ ಓದಿದಂಗ ಮಾತಾಡ್ತೀರಿ,” ಅಂತ ಒಬ್ಬ. “ನಿಮ್ಮೂರಾಗ ಕನ್ನಡ ಇಲ್ಲೇನ್ರಿ?” ಅಂತ ಇನ್ನೊಬ್ಬ. ಎರಡೂ ಒಂದೇ ದಿನ!

ಶಾಲೆಯ ಪಕ್ಕದ ಅಜ್ಜಿಗೆ ನಾನು ಹಳೇ ಹುಬ್ಬಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬಳೇ ಇರುವುದು ಗೊತ್ತಾದಾಗ ಬಂದದ್ದು ಬೇರೆಯದೇ ಮಾತು. “ಅಯ್ಯ ನನ ಕೂಸ, ಪರದೇಶಿಯಂಗ ಒಬ್ಬಾಕೀನ ಇರ್ತೀಯೇನವಾ?” ಪರದೇಶಿ ಅಂದರೆ ಬೇರೆ ದೇಶದವಳು ಅಂತ ಪುಸ್ತಕ ಹೇಳುತ್ತದೆ. ಇಲ್ಲಿ ಹಾಗಲ್ಲ. ಪರದೇಶಿ ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವಳು. ಮರುದಿನದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಂದು ಡಬ್ಬಿಯಲ್ಲಿ ಬರಲಿಕ್ಕೆ ಶುರುವಾಯಿತು. ನಮ್ಮ ಕಡೆ ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಹೊಟ್ಟೆಗೆ ಕಡಕ್ ರೊಟ್ಟಿ ಒಗ್ಗಲಿಕ್ಕೆ ಮೂರು ತಿಂಗಳು ಬೇಕಾಯಿತು, ಅದು ಬೇರೆ ಮಾತು.

ದಿನಚರಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಪ್ರಾರ್ಥನೆ, ನಾಡಗೀತೆ, ಹಾಲು, ಪಾಠ. ಮಧ್ಯಾಹ್ನ ರಾಯಾಪುರದ ಅಕ್ಷಯಪಾತ್ರೆ ಅಡುಗೆಮನೆಯಿಂದ ಅನ್ನ–ಸಾರಿನ ವ್ಯಾನ್. ಶನಿವಾರ ಮುಂಜಾನೆ ಸಾಲಿ. ಆಷಾಢದ ಮಂಗಳವಾರಗಳಂದು ಹುಡುಗಿಯರ ಕೈ ಮಣ್ಣು ಮಣ್ಣು, ಯಾಕೆಂದರೆ ಗುಳ್ಳವ್ವ ಮಾಡಬೇಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋದ ಕ್ಲಾಸು ಮರುದಿನವೂ ಅರ್ಧ ಹೊಲದಲ್ಲೇ ಇರುತ್ತದೆ. ಮಳೆ ಬಂದರೆ ಎರೆಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಎರಡೆರಡು ಕಿಲೋ. ನಮ್ಮ ಕೆಂಪು ಮಣ್ಣು ಜಾರಿಸುತ್ತದೆ, ಇವರ ಕಪ್ಪು ಮಣ್ಣು ಹಿಡಿದುಕೊಳ್ಳುತ್ತದೆ.

ಹೇಳಬೇಕಾದದ್ದು ಒಂದು ನೋಟ್‌ಬುಕ್ಕಿನ ವಿಷಯ.

ಡಿಸೆಂಬರಿನಲ್ಲಿ ಒಬ್ಬ ಹುಡುಗಿಯ ತಾಯಿ ಬಂದಳು. ಗಂಡ ಲಾರಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ, ಈಕೆ ಹೊಲದ ಕೂಲಿ. ಮಗಳನ್ನು ಸಂಜೆ ಒಂದು ಕಡೆ ಟ್ಯೂಷನ್ನಿಗೆ ಹಾಕಿದ್ದರು. ಆ ಟ್ಯೂಷನ್ ನೋಟ್‌ಬುಕ್ ನನ್ನ ಟೇಬಲ್ ಮೇಲೆ ಇಟ್ಟಳು. ವಿಷಯ ‘ಮಳೆಗಾಲ’, ಹತ್ತು ಸಾಲು. ಹುಡುಗಿ ಬರೆದಿದ್ದಳು: ಮಳಿ ಬಂತು. ಮನಿ ಸೋರ್ತು. ನನಗ ಸಾಲಿಗಿ ಸೂಟಿ ಸಿಕ್ತು. ಅಪ್ಪ ಕೆಲಸಕ್ಕ ಹೋಗಲಿಲ್ಲ. ಹೊಲದಾಗ ನೀರು ನಿಂತಿತ್ತು. ಹತ್ತೂ ಸಾಲಿನಲ್ಲಿ ಕೆಂಪು ವೃತ್ತ. ಕೆಳಗೆ ಹತ್ತಕ್ಕೆ ಒಂದು.

ತಾಯಿ ಜಗಳಕ್ಕೆ ಬಂದವಳಲ್ಲ. ಮೆಲ್ಲಗೆ ಕೇಳಿದಳು: “ನಾವು ಮನ್ಯಾಗ ಆಡೂದೂ ಕನ್ನಡಾನ, ನೀವು ಸಾಲ್ಯಾಗ ಕಲಸೂದೂ ಕನ್ನಡಾನ. ಮತ್ತ ನನ್ನ ಮಗಳದು ಎಲ್ಲಾನೂ ಹೆಂಗ ತಪ್ಪ ಆಗ್ತೈತ್ರೀ ಅಕ್ಕೋರ?” ನಾನು ಬಾಯಿ ತೆರೆಯುವ ಮೊದಲೇ ಮುಂದಿನದೂ ಹೇಳಿಬಿಟ್ಟಳು. “ಹೆಂಗೂ ತಪ್ಪ ಆಗೂದ ಇದ್ರ ಇಂಗ್ಲಿಷ್ ಸಾಲ್ಯಾಗ ಆಗ್ಲಿ ಬಿಡ್ರಿ. ಅಲ್ಲಿ ತಪ್ಪಾದ್ರ ನಾಚಿಕಿ ಇಲ್ಲ. ಮುಂದಿನ ವರ್ಷ ಟಿಸಿ ತಗೋತೀವ್ರಿ.”

ಕನ್ನಡ ಶಾಲೆಗಳು ಯಾಕೆ ಖಾಲಿಯಾಗುತ್ತಿವೆ ಎಂದು ಎಷ್ಟೋ ಭಾಷಣ ಕೇಳಿದ್ದೇನೆ. ಇಷ್ಟು ನೇರವಾದ ಕಾರಣ ಯಾರೂ ಹೇಳಿರಲಿಲ್ಲ. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ, ಆಯ್ಕೆ ತಂದೆ–ತಾಯಿಯದು ಎಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿಯಾಗಿದೆ. ಆಕೆಯ ಹಕ್ಕು ಆಕೆಗೆ. ಆದರೆ ಆಕೆ ಕೇಳಿದ್ದು ಇಂಗ್ಲಿಷಿನ ಪ್ರಶ್ನೆಯೇ ಅಲ್ಲ ಅಲ್ಲವಾ?

ನನಗೆ ಬಾಲ್ಯದಲ್ಲಿ ಆ ಕಷ್ಟ ಇರಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನಡುವೆ ಒಂದು ಗೇಟು. ಗೇಟು ದಾಟಿದರೆ ಬೇರೆ ಭಾಷೆ ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನನ್ನ ತುಳುವನ್ನು ಯಾರೂ ‘ತಪ್ಪು ಕನ್ನಡ’ ಅನ್ನಲಿಲ್ಲ. ಗಬ್ಬೂರಿನ ಮಗುವಿಗೆ ಆ ಗೇಟೇ ಇಲ್ಲ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ಹೆಸರು ಒಂದೇ. ಹಾಗಾಗಿ ಎರಡರ ನಡುವಿನ ಅಂತರವೆಲ್ಲ ಮಗುವಿನ ದಡ್ಡತನದ ಲೆಕ್ಕಕ್ಕೆ ಜಮೆಯಾಗುತ್ತದೆ. ಇಂಗ್ಲಿಷಿಗೆ ಗೇಟು ಉಂಟು, ಅದಕ್ಕೇ ಅಲ್ಲಿ ತಪ್ಪಾದರೆ ನಾಚಿಕೆ ಇಲ್ಲ. ಆ ತಾಯಿ ಹೇಳಿದ್ದು ಇದನ್ನೇ.

ಆ ನೋಟ್‌ಬುಕ್ಕನ್ನು ರಾತ್ರಿ ರೂಮಿನಲ್ಲಿ ಮತ್ತೆ ನೋಡಿದೆ. ಮನೆ–ಮನಿ, ಮಳೆ–ಮಳಿ. ಕೊನೆಯ ‘ಎ’ ಎಲ್ಲ ಕಡೆ ‘ಇ’. ನನಗೆ–ನನಗ, ಕೆಲಸಕ್ಕೆ–ಕೆಲಸಕ್ಕ. ಹೊಲದಲ್ಲಿ–ಹೊಲದಾಗ. ಹತ್ತು ಸಾಲಿನಲ್ಲಿ ಒಂದು ಕಡೆಯೂ ಹುಡುಗಿ ದಾರಿ ತಪ್ಪಿಲ್ಲ. ತನ್ನ ಕಿವಿಗೆ ಬಿದ್ದ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾಳೆ. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಕಿವಿಗೆ ಇನ್ನೊಂದು ನಿಯಮ ಕಲಿಸುವುದು ಕಷ್ಟವಲ್ಲ, ಆದರೆ ಅದು ಇನ್ನೊಂದು ನಿಯಮ ಅಂತ ಯಾರಾದರೂ ಮೊದಲು ಹೇಳಬೇಕು.

ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದ ಪುಸ್ತಕದ ಹೆಸರು ‘ನಾಕುತಂತಿ’. ನಾಲ್ಕು ಅಲ್ಲ, ನಾಕು. ಆ ಟ್ಯೂಷನ್ನಿನಲ್ಲಾದರೆ ಅದಕ್ಕೂ ಒಂದು ಕೆಂಪು ವೃತ್ತ ಬೀಳುತ್ತಿತ್ತೋ ಏನೋ!

ಹೊರಗಿನಿಂದ ಬಂದವರಿಗೆ ಈ ಸೀಮೆಯಲ್ಲಿ ದೊಡ್ಡ ಹಿಂದಿನವರಿದ್ದಾರೆ. 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಆಗ ಧಾರವಾಡ ಕಡೆ ಆಡಳಿತ ಮರಾಠಿ, ಸಾಲಿಯೂ ಮರಾಠಿ. ಜನರ ಬಾಯಲ್ಲಿ ಮಾತ್ರ ಕನ್ನಡ. ಅದನ್ನು ಗಮನಿಸಿದ ಎಲಿಯಟ್ 1830ರ ಸುಮಾರಿಗೆ ಧಾರವಾಡದಲ್ಲಿ ತಮ್ಮ ಸ್ವಂತ ದುಡ್ಡಿನಿಂದ ಕನ್ನಡ ಸಾಲಿ ತೆಗೆದರು. ಆಮೇಲೆ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲಿಗೆ ಮಕ್ಕಳನ್ನು ಕಳಿಸಿ ಎಂದು ಜನರನ್ನು ಒಪ್ಪಿಸಬೇಕಾಯಿತು. ಅಂದರೆ, ಮನೆಯ ಮಾತೇ ಸಾಲಿಯೊಳಗೆ ಬರಬೇಕು ಅನ್ನುವ ಜಗಳ ಇಲ್ಲಿ ಇನ್ನೂರು ವರ್ಷ ಹಳೆಯದು. ಆಗ ಹೊರಗೆ ನಿಂತಿದ್ದು ಕನ್ನಡ. ಈಗ ಕನ್ನಡ ಒಳಗೆ ಬಂದಿದೆ, ಹೊರಗೆ ನಿಂತಿದ್ದು ‘ಮನಿ’ ಮತ್ತು ‘ಮಳಿ’.

ಕಿಟ್ಟೆಲ್ ಅವರ ಕತೆ ನಿಮಗೆ ಗೊತ್ತೇ ಇದೆ. 1853ರಲ್ಲಿ ಜರ್ಮನಿಯಿಂದ ಬಂದು ಮೊದಮೊದಲು ಧಾರವಾಡ–ಹುಬ್ಬಳ್ಳಿ ಕಡೆ ಇದ್ದು, ಹಳ್ಳಿ ತಿರುಗಿ ಕನ್ನಡ ಕಲಿತವರು. ಅವರ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಅದರಲ್ಲಿ ನನಗೆ ಇಷ್ಟವಾದದ್ದು ಏನು ಗೊತ್ತಾ? ಎಷ್ಟೋ ಶಬ್ದಗಳ ಪಕ್ಕ ಇದು ಮೈಸೂರು ಕಡೆಯದು, ಇದು ದಕ್ಷಿಣ ಮರಾಠಾ ಸೀಮೆಯದು (ಅಂದರೆ ಇದೇ ಸೀಮೆ) ಎಂದು ಗುರುತು ಹಾಕಿದ್ದಾರೆ. ಆ ಗುರುತು ಸೀಮೆಯದು, ‘ತಪ್ಪು’ ಅನ್ನುವ ಗುರುತಲ್ಲ.

ಕಿಟ್ಟೆಲ್ ಅಷ್ಟು ದೂರ ಯಾಕೆ, ಇತ್ತೀಚೆಗೆ ಪೀಟರ್ ಹೆಸ್ಲರ್ ಅನ್ನುವ ಅಮೆರಿಕನ್ನನ ‘ರಿವರ್ ಟೌನ್’ ಓದಿದೆ. 1996ರಿಂದ ಎರಡು ವರ್ಷ ಚೀನಾದ ಯಾಂಗ್ಟ್ಸಿ ನದಿ ದಂಡೆಯ ಫೂಲಿಂಗಿನಲ್ಲಿ, ಮುಂದೆ ಹಳ್ಳಿ ಶಾಲೆಗಳ ಇಂಗ್ಲಿಷ್ ಟೀಚರ್ ಆಗುವ ಹುಡುಗ–ಹುಡುಗಿಯರಿಗೆ ಕಲಿಸಿದವನು. ಅಲ್ಲಿಯೂ ಇದೇ ಕತೆ. ಪುಸ್ತಕದ ಚೀನಿ ಒಂದು, ಬೀದಿಯಲ್ಲಿ ಕಿವಿಗೆ ಬೀಳುವ ಸಿಚುವಾನ್ ಮಾತು ಇನ್ನೊಂದು. ಓದುತ್ತಾ ನನಗೆ ನಮ್ಮ ಕ್ರಾಸಿನ ಚಹಾದಂಗಡಿ ನೆನಪಾಯಿತು.

ಸರಿ, ನಾನು ಮಾಡಿದ್ದೇನು? ಹಿಂದಿನ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಮೂರು ಕಾಲಂ: ಮನಿ ಮಾತು, ಪುಸ್ತಕದ ಮಾತು, ಅಕ್ಕೋರ ಮಾತು. ಉಳ್ಳಾಗಡ್ಡಿ, ಈರುಳ್ಳಿ, ನೀರುಳ್ಳಿ. ಶೇಂಗಾ, ಕಡಲೆಕಾಯಿ, ನೆಲಗಡಲೆ. ಗಂಗಾಳ, ತಟ್ಟೆ, ಬಟ್ಟಲು. ಐತಿ, ಇದೆ, ಉಂಟು. ನಿಯಮ ಒಂದೇ. ಬಾಯಲ್ಲಿ ಯಾವುದಾದರೂ ಬರಲಿ, ಪರೀಕ್ಷೆಯಲ್ಲಿ ನಡುವಿನ ಕಾಲಂ. ಮೂರನೆಯ ಕಾಲಂ ಸೇರಿಸಿದ್ದಕ್ಕೆ ಕಾರಣ ಉಂಟು: ಅಕ್ಕೋರ ಮನೆಮಾತೂ ಪುಸ್ತಕದ್ದಲ್ಲ, ಅಕ್ಕೋರೂ ಪರೀಕ್ಷೆಗೆ ನಡುವಿನ ಕಾಲಂ ಕಲಿತವರೇ ಎಂದು ಅವರಿಗೆ ಕಾಣಬೇಕಿತ್ತು. ಈಗ ಚಾರ್ಟು ಮೂರು ಹಾಳೆ ದಾಟಿದೆ. ಮಕ್ಕಳು ಹಾದಿಯಲ್ಲಿ ಸಿಕ್ಕ ಶಬ್ದವನ್ನೆಲ್ಲ ಹಿಡಿದು ತರುತ್ತಾರೆ, ನಮ್ಮೂರಿನ ಹುಡುಗರು ಮಿಡಿಮಾವು ತಂದ ಹಾಗೆ.

ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಗಣಿತದಲ್ಲಿ. ಭಿನ್ನರಾಶಿ ಪಾಠ. “ಒಂದೂವರೆ ಎರಡು ಸಲ ಎಷ್ಟು?” ಅಂತ ಕೇಳಿದರೆ ಎಲ್ಲರೂ ಸೀಲಿಂಗ್ ನೋಡುತ್ತಾರೆ. “ಎರಡ ದೀಡ ಎಷ್ಟು?” ಅಂದೆ. “ಮೂರ್ರಿ!” ಕೇಳಿ ಮುಗಿಯುವ ಮೊದಲೇ. ದೀಡ ಅಂದರೆ ಒಂದೂವರೆ, ಅಡೀಚ ಅಂದರೆ ಎರಡೂವರೆ, ಪಾವ್ ಅಂದರೆ ಕಾಲು. ಮರಾಠಿಯಿಂದ ಬಂದ ಈ ಶಬ್ದಗಳು ಇಲ್ಲಿಯ ಅಂಗಡಿಗಳಲ್ಲಿ ದಿನಾ ಓಡಾಡುತ್ತವೆ. ದೀಡ ನೂರು ಕೊಟ್ಟು ಪಾವ್ ಕಿಲೋ ತಂದು ಚಿಲ್ಲರೆ ಎಣಿಸುವ ಮಗುವಿಗೆ ಭಿನ್ನರಾಶಿ ಬರುವುದಿಲ್ಲ ಎಂದರೆ ಏನು ಅರ್ಥ ಮಾರಾಯ್ರೆ? ಲೆಕ್ಕ ಬರುತ್ತದೆ, ಲೆಕ್ಕದ ಹೆಸರು ಬೇರೆ ಅಷ್ಟೇ.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಮಕ್ಕಳ ಕೈಗೆ ಮನೆಯ ಫೋನ್ ಸಿಗುತ್ತದೆ, ಫೋನಿನಲ್ಲಿ ರೀಲ್ಸ್ ಸಿಗುತ್ತವೆ. ಅಲ್ಲಿ ತಮ್ಮ ಮಾತು ಬಂದರೆ ಅದು ಕಾಮಿಡಿ ಎಂದು ಅವರಿಗೂ ಗೊತ್ತಾಗಿದೆ. ನಿಮ್ಮ ಆಫೀಸಿನಲ್ಲೂ ಗದಗ, ಹಾವೇರಿ ಕಡೆಯ ಒಬ್ಬರಿರಬಹುದು. “ಎ, ನಿಮ್ ಭಾಷೇಲಿ ಏನಾದ್ರೂ ಹೇಳಪ್ಪ” ಅಂತ ಲಂಚ್ ಟೈಮಲ್ಲಿ ಅವರ ಬಾಯಿಂದ ಮಾತು ಹೊರಡಿಸಿ ನಕ್ಕಿರಬಹುದು. ಅವರೂ ನಕ್ಕಿರುತ್ತಾರೆ. ಅವರ ನಾಲ್ಕನೇ ಕ್ಲಾಸಿನ ನೋಟ್‌ಬುಕ್ ಒಮ್ಮೆ ಕೇಳಿ ನೋಡಿ.

ಕಳೆದ ವಾರ ಆ ತಾಯಿ ಮತ್ತೆ ಬಂದಿದ್ದಳು. ಟಿಸಿ ಕೇಳಲಿಕ್ಕೆ ಬಂದಳೇನೋ ಅಂತ ನನ್ನ ಎದೆ ಧಸಕ್ ಅಂದಿತು. ಅದಲ್ಲ. ಮಹಿಳಾ ಸಂಘದಲ್ಲಿ ಸಾಲಕ್ಕೆ ಅರ್ಜಿ ಕೊಡಬೇಕಿತ್ತು, ಮನೆಯ ಮೇಲಿನ ತಗಡು ಬದಲಿಸಬೇಕಂತೆ. “ನೀವ ಬರದ ಕೊಡ್ರಿ ಅಕ್ಕೋರ, ಪುಸ್ತಕದ ಕನ್ನಡದಾಗ ಇರಬೇಕಂತ್ರಿ.” ನಾನು ಹಾಳೆಯನ್ನು ಮಗಳ ಕೈಗೆ ಕೊಟ್ಟೆ. ತಾಯಿ ಹೇಳುತ್ತಾ ಹೋದಳು, ಹುಡುಗಿ ನಡುನಡುವೆ ಹಿಂದಿನ ಗೋಡೆ ನೋಡುತ್ತಾ ಬರೆದಳು. ಅರ್ಧ ತಾಸು ಹಿಡಿಯಿತು. ಎರಡು ಕಡೆ ಒತ್ತಕ್ಷರ ನಾನು ತಿದ್ದಿದೆ. ಆಮೇಲೆ ಅವಳು ಗಟ್ಟಿಯಾಗಿ ಓದಿದಳು: ಮಳೆಗಾಲದಲ್ಲಿ ನಮ್ಮ ಮನೆ ಸೋರುತ್ತದೆ.

“ಇದು ನಾ ಹೇಳಿದ್ದನ?” ಅಂದಳು ತಾಯಿ, ಅನುಮಾನದಿಂದ.

“ಹೂಂನವಾ, ನೀ ಹೇಳಿದ್ದನ. ನಡುವಿನ ಕಾಲಮ್ಮಿನಾಗ ಬರದೇನಿ.”

ತಾಯಿ ಹಾಳೆ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಟಿಸಿ ವಿಷಯ ಆಕೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಜೂನ್ ಬರಲಿಕ್ಕೆ ಇನ್ನೂ ಅಡೀಚ ತಿಂಗಳು ಉಂಟು.