ಖಾಸಗಿ ಜಾಲವೂ ದಿಡ್ಡಿ ಬಾಗಿಲೂ

ಅಂತರಜಾಲದಲ್ಲಿ ನಡೆಯುವ ವ್ಯವಹಾರವು ಅನ್ಯರ ಕಣ್ಣಿಗೆ ಬೀಳದಂತೆ ಕಾಪಾಡುವ ವಿ.ಪಿ.ಎನ್. ಎಂಬ ಸಾಧನದ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಇದನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು ಬೇಕಾದಷ್ಟಿವೆ; ತಮ್ಮ ಅಗತ್ಯಕ್ಕೆ ತಕ್ಕಂತೆ ಸ್ವಂತವಾಗಿ ಮಾಡಿಸಿಕೊಳ್ಳುವುದೂ ಅಸಾಧ್ಯವಲ್ಲ. ಹಾಗೆ ಮಾಡಿಸಿಕೊಳ್ಳುವವರು ಯಾವುದನ್ನು ಪರೀಕ್ಷಿಸಿ ನೋಡತಕ್ಕದ್ದೆಂಬುದನ್ನು ಈ ತಿಂಗಳು ವಿಚಾರ ಮಾಡುವೆವು.

ಮಧುಗಿರಿಯಲ್ಲಿ ಕಡಲೆಕಾಯಿ ಮಂಡಿಯನ್ನಿಟ್ಟಿರುವ ಗೃಹಸ್ಥರೊಬ್ಬರಿಗೆ ಶಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಅಂಗಡಿಗಳಿವೆಯೆಂದು ಭಾವಿಸೋಣ. ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರ ಬಾಕಿ ಎಷ್ಟು ಎಂಬ ಲೆಕ್ಕವೆಲ್ಲ ಮಧುಗಿರಿಯ ಕಂಪ್ಯೂಟರಿನಲ್ಲಿದೆ. ಮಿಕ್ಕ ಮೂರು ಅಂಗಡಿಗಳವರೂ ಅದನ್ನು ನೋಡಬೇಕು, ಹೊರಗಿನವರು ನೋಡಕೂಡದು. ಅಂಗಡಿಗಳ ಜಾಲಸಂಚಾರವೆಲ್ಲವೂ ಗುಪ್ತಮಾರ್ಗದಿಂದಲೇ ಸಾಗಬೇಕೆಂಬುದು ಅವರ ಅಪೇಕ್ಷೆ.

ಇದರ ಕ್ರಮವು ಲಕೋಟೆಯೊಳಗೆ ಲಕೋಟೆಯನ್ನಿಟ್ಟಂತೆ. ಪ್ರತಿಯೊಂದು ಕಂಪ್ಯೂಟರಿಗೂ ಎರಡು ಕೀಲಿಗಳುಂಟು; ಒಂದನ್ನು ಎದುರಿನವರಿಗೆ ಕೊಡಬಹುದು, ಇನ್ನೊಂದನ್ನು ಯಾರಿಗೂ ಕೊಡಲಾಗದು. ತಂತ್ರಾಂಶವು ಪ್ರತಿಯೊಂದು ಸಂದೇಶವನ್ನೂ ಈ ಕೀಲಿಗಳ ಬಲದಿಂದ ಗೂಢಲಿಪಿಗೆ ತಿರುಗಿಸಿ ಕಳುಹಿಸುವುದು. ಗೂಢಲಿಪಿಯ ವಿಧಾನವನ್ನು ಮಾತ್ರ ತಾವೇ ಕಲ್ಪಿಸಹೋಗುವುದು ಅಪಾಯಕರವು. ವೈರ್‌ಗಾರ್ಡ್ ಎಂಬ ವಿಧಾನವು ಎಲ್ಲರೂ ಓದಿ ಪರೀಕ್ಷಿಸಬಹುದಾದದ್ದು; 2020ನೆಯ ಮಾರ್ಚಿಯಲ್ಲಿ ಅದು ಲಿನಕ್ಸ್‌ನ 5.6ನೆಯ ಆವೃತ್ತಿಯಲ್ಲಿ ಸೇರಿತು. ಅಂಥದನ್ನು ತಳಹದಿಯಾಗಿಟ್ಟುಕೊಂಡು, ಕೀಲಿಗಳನ್ನು ಭದ್ರಪಡಿಸುವುದು, ದಾರಿಯನ್ನು ಗೊತ್ತುಮಾಡುವುದು, ಕೆಟ್ಟದ್ದನ್ನು ತಿಳಿಸುವುದು, ಇಷ್ಟನ್ನು ಸ್ವಂತ ತಂತ್ರಾಂಶಕ್ಕೆ ಬಿಟ್ಟರೆ ಸಾಕು.

ಮೊಬೈಲ್ ಜಾಲದಲ್ಲಿ ಅನೇಕ ಗಿರಾಕಿಗಳು ಒಂದೇ ಹೊರವಿಳಾಸವನ್ನು ಹಂಚಿಕೊಂಡಿರುವುದುಂಟು. ಹಾಗಿದ್ದರೆ ಪಾವಗಡದಿಂದ ಮಧುಗಿರಿಯ ಕಂಪ್ಯೂಟರನ್ನು ನೇರವಾಗಿ ಕರೆಯಲು ಬಾರದು. ಆದುದರಿಂದ ಸ್ವಂತ ವಿಳಾಸವುಳ್ಳ ಸರ್ವರೊಂದನ್ನು ಬಾಡಿಗೆಗೆ ಹಿಡಿದು, ನಾಲ್ಕೂ ಕಡೆಯವರು ಅದನ್ನೇ ಕರೆಯುವಂತೆ ಏರ್ಪಡಿಸುವರು. ಲಕೋಟೆಯನ್ನು ಬಿಚ್ಚಿ ಮತ್ತೆ ಮುಚ್ಚುವುದು ಆ ಸರ್ವರಿನಲ್ಲಿಯೇ ಆದುದರಿಂದ ಅದರ ಕಾವಲು ಎಲ್ಲಕ್ಕಿಂತ ಬಿಗಿಯಾಗಿರಬೇಕು.

ಇನ್ನು ದೋಷಗಳ ವಿಚಾರ. ಸಂಪರ್ಕವೇ ಆಗದಿದ್ದರೆ ಮೊದಲು ಕೀಲಿಗಳನ್ನೂ ಸರ್ವರಿನ ವಿಳಾಸವನ್ನೂ, ಬಳಿಕ ಗಡಿಯಾರವನ್ನೂ ನೋಡತಕ್ಕದ್ದು. ಕಂಪ್ಯೂಟರಿನೊಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ವಿದ್ಯುತ್ತು ಹೋಗಿ ಬಂದಾಗ ಅದರ ಕಾಲವು ಹಿಂದಕ್ಕೆ ಸರಿಯುವುದು. ಹಳೆಯ ಕಾಲವನ್ನು ಹೊತ್ತ ಕರೆಯನ್ನು ವೈರ್‌ಗಾರ್ಡ್ ಒಪ್ಪದು. ಸಂಪರ್ಕವಾಗಿ, ಕೊಂಚ ಹೊತ್ತು ಸುಮ್ಮನಿದ್ದೊಡನೆ ಕಡಿದರೆ, 25 ಸೆಕೆಂಡಿಗೊಮ್ಮೆ ಒಂದು ಬರಿಯ ಸಂದೇಶವನ್ನು ಕಳುಹಿಸುವಂತೆ ಮಾಡಬೇಕು. ಸಣ್ಣ ಸಂದೇಶಗಳು ಹೋಗಿ ದೊಡ್ಡ ಕಡತಗಳು ನಿಂತರೆ ಲಕೋಟೆಯು ದಾರಿಗೆ ದೊಡ್ಡದಾಯಿತೆಂದು ತಿಳಿದು, ಅದರ ಅಳತೆಯನ್ನು ರೂಢಿಯ 1420 ಬೈಟುಗಳಿಂದ 1280ಕ್ಕೆ ಇಳಿಸಿ ನೋಡಬೇಕು. ಎರಡು ಅಂಗಡಿಗಳಲ್ಲಿಯೂ ಒಳವಿಳಾಸಗಳು 192.168.1 ಎಂದೇ ಮೊದಲಾಗುತ್ತಿದ್ದರೆ ಪತ್ರವು ಯಾವ ಮನೆಗೆಂಬುದೇ ತಿಳಿಯದು. ಒಂದು ಕಡೆಯದನ್ನು ಬದಲಾಯಿಸಬೇಕು.

ಇವೆಲ್ಲವೂ ಕೆಲಸವನ್ನು ನಿಲ್ಲಿಸುವ ದೋಷಗಳು. ಕೂಡಲೇ ಕಣ್ಣಿಗೆ ಬೀಳುವವು. ಕೆಲಸವು ನಿಲ್ಲದೆ, ತೆರೆಯ ಮೇಲೆ ಹಸುರು ಗುರುತು ಬೆಳಗುತ್ತಲೇ ಇದ್ದು, ಸಂದೇಶಗಳು ಮಾತ್ರ ಬಯಲು ದಾರಿಯಲ್ಲಿ ಹರಿದುಹೋಗುವ ದೋಷವೇ ನಿಜವಾಗಿ ಭಯಪಡತಕ್ಕದ್ದು. ಜಾಲದಲ್ಲಿ ಐಪಿವಿ4, ಐಪಿವಿ6 ಎಂದು ಎರಡು ಬಗೆಯ ವಿಳಾಸಗಳುಂಟು. ತಂತ್ರಾಂಶವು ಮೊದಲನೆಯದನ್ನು ಮಾತ್ರ ಕಾಯ್ದರೆ ಎರಡನೆಯದು ಹೊರಗಿನಿಂದಲೇ ಸಾಗುವುದು. ತಾಣಗಳ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿ.ಎನ್.ಎಸ್. ಪ್ರಶ್ನೆಗಳೂ ಹೀಗೆಯೇ ಸೋರಿಹೋಗುವುದುಂಟು. ಮಧುಗಿರಿಯ ಕೋಟೆಯನ್ನು ಹತ್ತಿದವರು ಅಲ್ಲಿಯ ದಿಡ್ಡಿ ಬಾಗಿಲನ್ನು ಬಲ್ಲರು. ಹೆಬ್ಬಾಗಿಲಿಗೆ ಅಗಳಿ ಹಾಕಿ ದಿಡ್ಡಿಯನ್ನು ತೆರೆದಿಟ್ಟರೆ ಕೋಟೆಯಿದ್ದೂ ಫಲವೇನು?

ಇದನ್ನು ಕಂಡುಹಿಡಿಯಲು ಪಂಡಿತರೇ ಬೇಕಾಗಿಲ್ಲ. ನಮ್ಮ ವಿಳಾಸವನ್ನು ನಮಗೇ ತೋರಿಸುವ ಪುಟಗಳು ಜಾಲದಲ್ಲಿವೆ. ವಿ.ಪಿ.ಎನ್. ನಡೆಯುತ್ತಿರುವಾಗ ಅಂಥದೊಂದನ್ನು ತೆರೆದರೆ ಬಾಡಿಗೆ ಸರ್ವರಿನ ವಿಳಾಸವೇ ಕಾಣಬೇಕು. ಅಂಗಡಿಯ ವಿಳಾಸವು ಎರಡು ಬಗೆಗಳಲ್ಲಿ ಯಾವುದರಲ್ಲಿ ಕಂಡರೂ ಸೋರಿಕೆಯುಂಟೆಂದರ್ಥ. ಬಳಿಕ ಸರ್ವರನ್ನು ಬೇಕೆಂದೇ ನಿಲ್ಲಿಸಿ, ಅಂಗಡಿಯಲ್ಲಿ ಅದೇ ಪುಟವನ್ನು ಮತ್ತೆ ತೆರೆಯಿರಿ. ಆಗ ಏನೂ ತೆರೆಯಕೂಡದು, ತೆರೆಯ ಮೇಲೆ ‘ಸಂಪರ್ಕ ಕಡಿದಿದೆ’ ಎಂಬ ಮಾತು ಕಾಣಬೇಕು. ಪುಟವು ತೆರೆದರೆ ತಂತ್ರಾಂಶವನ್ನು ಮಾಡಿದವರಿಗೆ ಹಿಂದಿರುಗಿಸತಕ್ಕದ್ದು. ಕಂಪ್ಯೂಟರನ್ನು ಮಲಗಿಸಿ ಎಬ್ಬಿಸಿದ ಮೇಲೂ, ಜಾಲವನ್ನು ಬದಲಾಯಿಸಿದ ಮೇಲೂ ಈ ಪರೀಕ್ಷೆಯನ್ನು ಮಾಡುವುದು ಅವಶ್ಯ.

ಕಾನೂನಿನ ಮಾತನ್ನೂ ಹೇಳಬೇಕು. ವಿ.ಪಿ.ಎನ್. ಸೇವೆಯನ್ನು ಕೊಡುವವರು ಗಿರಾಕಿಗಳ ಹೆಸರು, ವಿಳಾಸ ಮೊದಲಾದುವನ್ನು 5 ವರ್ಷ ಕಾಪಾಡಿಡಬೇಕೆಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ನೆಯ ಏಪ್ರಿಲ್ 28ರಂದು ಆಜ್ಞೆ ಮಾಡಿತು. ಸಂಸ್ಥೆಗಳು ತಮ್ಮವರಿಗಾಗಿಯೇ ನಡೆಸುವ ಖಾಸಗಿ ಜಾಲಕ್ಕೆ ಈ ನಿಯಮವು ಅನ್ವಯಿಸದೆಂದು ಮುಂದೆ ಅದೇ ಸಂಸ್ಥೆಯು ವಿವರಿಸಿತು. ಆದುದರಿಂದ ಅಂಗಡಿಗಾಗಿ ಮಾಡಿದ ದಾರಿಯನ್ನು ನೆರೆಯವರಿಗೆ ಬಾಡಿಗೆಗೆ ಕೊಡುವ ಮೊದಲು ಯೋಚಿಸುವುದು ಲೇಸು.

ಸ್ವಂತ ತಂತ್ರಾಂಶವನ್ನು ಮಾಡಿಸುವ ಗೃಹಸ್ಥರು ಅದರ ವೇಗವನ್ನೂ ಅಂದವನ್ನೂ ಆಮೇಲೆ ನೋಡಲಿ. ಕೆಟ್ಟಾಗ ಅದು ಬಾಗಿಲನ್ನು ಮುಚ್ಚುವುದೋ ತೆರೆದಿಡುವುದೋ ಎಂಬುದನ್ನು ಮೊದಲು ಕೇಳಲಿ. ನಂಬಿ ಲೆಕ್ಕ ಬರೆಯಿಸಿದ ರೈತರ ಮರ್ಯಾದೆಯೂ ಆ ಬಾಗಿಲಿನ ಹಿಂದೆಯೇ ಇರುವುದು.